ಭೀಮೆಯ ಹಿನ್ನೀರಲ್ಲಿ ಹಕ್ಕಿ ತೋರಿಸುವವರು

ಚಡಚಣ ಸೀಮೆಯಲ್ಲಿ ಭೀಮಾ ನದಿ ಎಂದರೆ ಬಾಂದಾರ, ಪಂಪ್‌ಸೆಟ್ಟು, ಕಬ್ಬು. ಬೇಸಿಗೆ ಬಂತೆಂದರೆ ಮಹಾರಾಷ್ಟ್ರದವರು ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೋ ಇಲ್ಲವೋ ಎಂಬುದೊಂದೇ ಮಾತು. ಅದೇ ಉಜನಿಯ ಹಿನ್ನೀರಿನ ಮೇಲ್ತುದಿಯಲ್ಲಿ, ಭಿಗವಣದ ಸುತ್ತಿನ ಮೀನುಗಾರರು ಜನರನ್ನು ದೋಣಿ ಹತ್ತಿಸಿಕೊಂಡು ಹಕ್ಕಿ ತೋರಿಸುತ್ತಾರೆ. ಬಲೆಯ ಜೊತೆಗೆ ಅದೂ ಒಂದು ದುಡಿಮೆ.

ಸೊಲ್ಲಾಪುರದಿಂದ ಪುಣೆ ಹೆದ್ದಾರಿ ಹಿಡಿದು ಇಂದಾಪುರ ದಾಟಿದರೆ ಭಿಗವಣ. ಪುಣೆ ಅಲ್ಲಿಂದ ಇನ್ನೂ ಸುಮಾರು 100 ಕಿ.ಮೀ. ಹೆದ್ದಾರಿ ಬಿಟ್ಟು ಕುಂಭಾರಗಾಂವದತ್ತ ಹೊರಳಿದರೆ ದಂಡೆಯಲ್ಲಿ ದೋಣಿಗಳು. ಬೆಳಗಿನ ಜಾವವೇ ಹೊರಡಬೇಕು. ಬಿಸಿಲೇರಿದ ಮೇಲೆ ಹೋದವರಿಗೆ ದೋಣಿವಿಹಾರವಷ್ಟೇ ಗಿಟ್ಟೀತು.

ದೋಣಿ ನಡೆಸುವವನೇ ಗೈಡು. ಮಾತೆಲ್ಲ ಮರಾಠಿಯಲ್ಲಿ, ನಮ್ಮ ಗಡಿಭಾಗದವರಿಗೆ ಅದೇನು ಕಷ್ಟವಲ್ಲ. ಫ್ಲೆಮಿಂಗೊ ಹಿಂಡು ದೂರದಲ್ಲಿ ಕಂಡಾಗಲೇ ಇಂಜಿನ್ ಬಂದ್. ಮುಂದೆ ಗಳ ಊರಿಕೊಂಡು ನಿಧಾನ. ಇನ್ನೂ ಹತ್ತಿರ ಹೋಗೋಣ ಎಂದು ಕಾಡುವ ಕ್ಯಾಮೆರಾದವರಿಗೆ ಸೊಪ್ಪು ಹಾಕದವನೇ ಒಳ್ಳೆಯ ಗೈಡು ಎನ್ನುವೆ. ಎದ್ದು ಹಾರಿದರೆ ಹಕ್ಕಿಯ ಮೇವು ಕೆಟ್ಟಿತು. ತಲೆ ಕೆಳಗು ಮಾಡಿ, ಡೊಂಕು ಕೊಕ್ಕಿನಲ್ಲಿ ಕೆಸರುನೀರು ಸೋಸಿ ಪಾಚಿ, ಸಣ್ಣ ಜೀವಿಗಳನ್ನು ತಿನ್ನುವ ಹಕ್ಕಿ ಅದು. ಮೈಯ ಗುಲಾಬಿ ಬಣ್ಣವೂ ಆ ತಿನಿಸಿನಿಂದಲೇ ಬಂದದ್ದು. ಎಳೆಯವು ಇನ್ನೂ ಬೂದುಬೂದು.

ಇದಕ್ಕೆಲ್ಲ ನೀರು ಇಳಿಯಬೇಕು. ಹಿನ್ನೀರು ಹಿಂದೆ ಸರಿದು ಕೆಸರು ಬಯಲಾದಾಗಲೇ ಫ್ಲೆಮಿಂಗೊಗೆ ಊಟ. ಜನವರಿಯಿಂದ ಏಪ್ರಿಲ್‌ವರೆಗೆ ಅವನ್ನು ನೋಡುವ ಕಾಲ. ಕೆಳಗಿನ ರೈತ ನೀರಿಗಾಗಿ ಬಾಯಿ ಬಿಡುವ ತಿಂಗಳುಗಳು, ಮೇಲೆ ಹಕ್ಕಿಗೆ ಸುಗ್ಗಿ! ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಬೇಕಿದ್ದವರು ಮಾರ್ಚ್‌ಗೆ ಮುಂಚೆಯೇ ಹೋಗಬೇಕು. ನೀರು ತೀರಾ ತಗ್ಗಿದ ವರ್ಷ, ಅಣೆಕಟ್ಟೆಯಲ್ಲಿ ಮುಳುಗಿದ ಪಳಸದೇವದ ಹಳೆಯ ಗುಡಿಯೂ ಮೇಲೇಳುತ್ತದೆ.

ಇಷ್ಟು ದೂರ ಯಾಕೆ, ನಮ್ಮಲ್ಲೇ ಇಲ್ಲವೇ ಎಂದು ಕೇಳಬಹುದು. ಇದೆ. ಧೂಳಖೇಡದಲ್ಲಿ ಭೀಮೆ ದಾಟಿ ಬರುವ ಹೆದ್ದಾರಿಯೇ ವಿಜಯಪುರ ಹಾಯ್ದು ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟುತ್ತದೆ. ಅಲ್ಲಿರುವುದು ಆಲಮಟ್ಟಿಯ ಹಿನ್ನೀರು. ಹಳೆಯ ಕೊಲ್ಹಾರ ಮುಳುಗಿದ್ದೂ ಅದರಲ್ಲೇ. ಬೇಸಿಗೆಗೆ ಈ ಹಿನ್ನೀರಿಗೂ ಫ್ಲೆಮಿಂಗೊ ಬರುತ್ತವೆ, ಮೀನುಗಾರರೂ ಇದ್ದಾರೆ, ದೋಣಿಗಳೂ ಇವೆ. ಆದರೆ ಭಿಗವಣದಂತೆ ಕರೆದೊಯ್ದು ತೋರಿಸುವ ಕಸುಬು ಇಲ್ಲಿ ಬೆಳೆದಿಲ್ಲ. ಗಾಡಿಗಳು ಹೇಗೂ ಕೊಲ್ಹಾರದ ಮೊಸರಿಗೆಂದು ನಿಲ್ಲುತ್ತವೆ. ಮೊಸರಿನವರ ಪಕ್ಕದಲ್ಲೇ ದೋಣಿಯವನೊಬ್ಬ ದುರ್ಬೀನು ಹಿಡಿದು ಕೂತರೆ ಗಿರಾಕಿಗೆ ಬರ ಬೀಳಲಿಕ್ಕಿಲ್ಲ.