ವಿವರಿಸುವವರಿಲ್ಲದ ಸ್ಲೈಡು

ಅಮೆರಿಕದ ಕೊಲರಾಡೊದ ಅರಾಪಾಹೋ ಹೈಸ್ಕೂಲಿನ ಕಾರ್ಲ್ ಫಿಶ್, 2006ರ ಆಗಸ್ಟ್‌ನಲ್ಲಿ ಸಹೋದ್ಯೋಗಿಗಳ ಸಭೆಗೆಂದು ಒಂದು ಸ್ಲೈಡ್ ಪ್ರದರ್ಶನ ಸಿದ್ಧಪಡಿಸಿದರು. ಲೋಕ ಎಷ್ಟು ಬೇಗ ಬದಲಾಗುತ್ತಿದೆ ಎಂಬುದು ವಿಷಯ. ಅಂತರ್ಜಾಲಕ್ಕೇರಿದ ಅದನ್ನು ನೋಡಿದವರು ಲಕ್ಷಾಂತರ ಮಂದಿ. ಜೆಫ್ ಬ್ರೆನ್‌ಮನ್ ಅದಕ್ಕೆ ಕೊಟ್ಟ ಹೊಸ ವಿನ್ಯಾಸ 2007ರಲ್ಲಿ ಸ್ಲೈಡ್‌ಶೇರ್ ತಾಣದ ಸ್ಪರ್ಧೆಯನ್ನೇ ಗೆದ್ದಿತು.

ಗುಟ್ಟೇನು? ಒಂದು ಸ್ಲೈಡಿಗೆ ಒಂದೇ ಸಂಗತಿ, ಅದೂ ನಾಲ್ಕಾರು ಮಾತಿನಲ್ಲಿ. ತರಗತಿಯಲ್ಲಾದರೆ ಪಕ್ಕದಲ್ಲಿ ನಿಂತು ವಿವರಿಸಬಹುದು. ಅಂತರ್ಜಾಲದಲ್ಲಿ ಸ್ಲೈಡು ಒಂಟಿ. ಬೇಸರಗೊಂಡ ನೋಡುಗ ಎದ್ದು ಹೋದದ್ದೂ ತಿಳಿಯದು. ಹಾಗಾಗಿ ಪ್ರತಿ ಸ್ಲೈಡೂ ಮುಂದಿನದರ ಕುತೂಹಲ ಹುಟ್ಟಿಸಬೇಕು. ಇಲ್ಲಿನ ಶಾಲಾ ಸೆಮಿನಾರುಗಳಲ್ಲೋ, ಪಠ್ಯಪುಸ್ತಕದ ಪ್ಯಾರಾ ಇಡಿಯಾಗಿ ಇಳಿದು, ಅಕ್ಷರಗಳು ಗಿರಗಿರನೆ ತಿರುಗುತ್ತಾ ಬರುತ್ತವೆ! (ಅಪ್ಪ ಅಮ್ಮನಿಗೆ ಅದೇ ಖುಷಿ, ಬಿಡಿ.)

ಫಿಶ್ ಬಳಸಿದ ಕೆಲವು ಅಂಕಿಗಳನ್ನು ಆಮೇಲೆ ಹಲವರು ಪ್ರಶ್ನಿಸಿದರು. ತಪ್ಪು ಅಂಕಿಯೂ ಅಷ್ಟೇ ಜನರನ್ನು ತಲುಪುತ್ತದಲ್ಲ! ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು ಎಂಬುದನ್ನು ಅದೇ ಸ್ಲೈಡಿನ ಕೆಳಗೆ ಮಕ್ಕಳಿಂದ ಬರೆಸಿ.

ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ತೊಡಕುಂಟು. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆಯವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಯೂನಿಕೋಡಿನಲ್ಲಿ ಬರೆದು, ಪಿಡಿಎಫ್ ಮಾಡಿ, ಒತ್ತಕ್ಷರಗಳನ್ನು ಒಮ್ಮೆ ಪರೀಕ್ಷಿಸಿ ಏರಿಸುವುದು ಕ್ಷೇಮ.