ಅಡಿಕೆ ತೋಟದಿಂದ ಮಾರಿಕಣಿವೆವರೆಗೆ ಹವಾಮಾನದ ಪಾಠ

ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ರೈಲಿಳಿದು ಬಿ.ದುರ್ಗದ ಕಡೆ ಹೊರಟರೆ ಕಣ್ಣಿಗೆ ಬೀಳುವುದು ಅಡಿಕೆ ತೋಟ, ನಡುನಡುವೆ ಮೆಕ್ಕೆಜೋಳದ ಹೊಲ. ಹೊಳಲ್ಕೆರೆ ತಾಲ್ಲೂಕಿನ ಈ ಹೋಬಳಿ ಹೊಸಬರಿಗೆ ಮಲೆನಾಡಿನ ಸೆರಗಿನಂತೆ ಕಂಡೀತು. ಆದರೆ ಬೇಸಿಗೆಯಲ್ಲಿ ಈ ಹಸಿರನ್ನು ಕಾಯುವುದು ಕೊಳವೆಬಾವಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಈ ಸೀಮೆಯ ಬೆಳೆಗಾರರು ಟ್ಯಾಂಕರ್ ನೀರು ಹಾಕಿಸಿ ಮರ ಉಳಿಸಿಕೊಂಡರು. ದುಡ್ಡು ಹೊಂದಿಸಲಾಗದವರ ತೋಟದಲ್ಲಿ ಸುಳಿ ಒಣಗಿತು.

ಆ ತೋಟಗಳ ಮನೆಯ ಮಕ್ಕಳೇ ಇಲ್ಲಿನ ಪ್ರೌಢಶಾಲೆಗಳಲ್ಲಿ ಕೂತಿದ್ದಾರೆ. ಅವರ ಪುಸ್ತಕದಲ್ಲಿ ಹವಾಮಾನ ಬದಲಾವಣೆ ಎಂದರೆ ಕರಗುವ ಹಿಮ, ಏರುವ ಕಡಲು. ವಿಜ್ಞಾನದಲ್ಲಿ ಒಂದಿಷ್ಟು, ಸಮಾಜ ವಿಜ್ಞಾನದಲ್ಲಿ ಒಂದಿಷ್ಟು ಬಂದು, ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದದ್ದು 1991ರಷ್ಟು ಹಿಂದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2020ರಲ್ಲಿ ಬೇರೆಯದೇ ದಾರಿ ಹಿಡಿಯಿತು. ಹೊಸ ವಿಷಯವೊಂದನ್ನು ಮಕ್ಕಳ ತಲೆಗೆ ಹೇರದೆ, ಕಲೆ, ದೈಹಿಕ ಶಿಕ್ಷಣವೂ ಸೇರಿದಂತೆ ಇರುವ ವಿಷಯಗಳೊಳಗೇ ಹವಾಮಾನವನ್ನು ಬೆಸೆಯಿತು. 2022ರಿಂದ ತರಗತಿಗಳಲ್ಲಿ ಅದು ಜಾರಿಯಲ್ಲಿದೆ. ಅದೇ ಕೆಲಸ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹೇಗಾದೀತು ಎಂದು ನೋಡುವುದಕ್ಕಾಗಿಯೇ ಬಿ.ದುರ್ಗದಿಂದ ಹಿರಿಯೂರಿನ ತನಕ ಹೊರಟೆ. ಇಲ್ಲಿ ಸಾಮಗ್ರಿಗೆ ಬರವಿಲ್ಲ.

ಮೊದಲ ಪಾಠ ತೋಟದ ಕೊಳವೆಬಾವಿಯ ಬುಡದಲ್ಲಿದೆ. ಕೇಸಿಂಗ್ ಪೈಪಿನ ಸುತ್ತ ಸುಮಾರು ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೋಡುತ್ತಾರೆ. ಗುಂಡಿಯೊಳಗೆ ಬರುವ ಪೈಪಿಗೆ ಸಣ್ಣ ತೂತುಗಳನ್ನು ಕೊರೆದು, ನೈಲಾನ್ ಜಾಲರಿ ಸುತ್ತಿ ಬಿಗಿಯುತ್ತಾರೆ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಜಲ್ಲಿ, ಕೊನೆಗೆ ಮರಳು. ಹೊಲದಲ್ಲಿ ಹರಿದು ಬಂದ ಮಳೆನೀರು ಇಲ್ಲಿ ಸೋಸಿ ಪಾತಾಳಕ್ಕಿಳಿಯುತ್ತದೆ. ಚಿತ್ರದುರ್ಗದವರೇ ಆದ ಜಲತಜ್ಞ ಎನ್.ಜೆ. ದೇವರಾಜ ರೆಡ್ಡಿ ಇಂಥ ಜಲಮರುಪೂರಣವನ್ನು ರೈತರ ನಡುವೆ ಹರಡಿದವರು. ಗುಂಡಿಯ ಗಾತ್ರ ಗಣಿತಕ್ಕೆ, ಸೋಸುವ ಪದರಗಳು ವಿಜ್ಞಾನಕ್ಕೆ ಆಯಿತು.

ಇಲ್ಲೇ ಮೇಷ್ಟ್ರು ಒಂದು ಎಚ್ಚರ ಹೇಳಬೇಕು. ಬಾವಿ ಬತ್ತಿದ್ದಕ್ಕೆಲ್ಲ ಹವಾಮಾನವನ್ನೇ ದೂರುವುದು ಸರಿಯಲ್ಲ. ಮಳೆ ಕೈಕೊಟ್ಟದ್ದು ಒಂದು ಕಾರಣ. ಬಯಲುಸೀಮೆಯಲ್ಲಿ ನೀರು ಬೇಡುವ ಅಡಿಕೆಯನ್ನು ವಿಸ್ತರಿಸುತ್ತ, ಬೋರಿನ ಪಕ್ಕ ಬೋರು ಕೊರೆಸಿದ್ದು ಇನ್ನೊಂದು. ಎರಡನ್ನೂ ಬಿಡಿಸಿ ನೋಡುವುದನ್ನು ಕಲಿಸದಿದ್ದರೆ ಪರಿಹಾರದ ಮಾತು ಬರೀ ಘೋಷಣೆಯಾಗುತ್ತದೆ. ಹೀಗೆ ಬಿಡಿಸುವುದು ಒಂದೇ ವಿಷಯದ ಶಿಕ್ಷಕರಿಂದ ಆಗುವ ಕೆಲಸವಲ್ಲ. ಹಲವು ಪೀರಿಯಡ್‌ಗಳು ಕೈಜೋಡಿಸಬೇಕು ಎಂದು ನಾನು ಹೇಳುವುದು ಅದಕ್ಕೇ.

ಕನ್ನಡದ ಪೀರಿಯಡ್ಡಿಗೆ ಮಳೆ ನಕ್ಷತ್ರಗಳಿವೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಎಂಬ ಗಾದೆಗಳು ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೂ ಉಳಿದಿವೆ. ಭರಣಿ ಏಪ್ರಿಲ್ ಕೊನೆಗೆ, ಆರಿದ್ರಾ ಜೂನ್ ಕೊನೆಗೆ ಹುಟ್ಟುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ಅವುಗಳ ಲೆಕ್ಕ ವಿಪತ್ತು ಉಸ್ತುವಾರಿ ಕೇಂದ್ರದ ಬಳಿ ಇದೆ. ಮಕ್ಕಳು ಮನೆಯಲ್ಲಿ ಗಾದೆ ಕೇಳಿ ಬರೆದುಕೊಂಡು ಬರಲಿ, ಗಣಿತದ ತರಗತಿಯಲ್ಲಿ ಆ ದಿನಗಳ ಮಳೆಯ ನಕ್ಷೆ ಬಿಡಿಸಲಿ. ಬಿತ್ತನೆ ಹೊತ್ತಿಗೆ ಎಷ್ಟು ಸುರಿಯಿತು, ಒಂದೇ ರಾತ್ರಿ ಎಷ್ಟು ಹೊಯ್ದಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಗಾಳಿಯ ತಾಪ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು ಎಂಬ ಭೌತವಿಜ್ಞಾನದ ಮಾತು ಆಮೇಲೆ ಬಂದರೆ ತಾನಾಗಿ ಅರ್ಥವಾಗುತ್ತದೆ.

ಚಿತ್ರದುರ್ಗದಲ್ಲಿ ಕೋಟೆಗಿಂತ ಮೊದಲು ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. 4ನೇ ಶತಮಾನದ್ದು. ಇಸವಿ, ಯುದ್ಧಗಳನ್ನು ಉರುಹೊಡೆದ ಮಕ್ಕಳಿಗೆ ಅದರ ವಿಷಯವನ್ನು ಎತ್ತಿ ಹೇಳಬೇಕು: ಅದು ಒಂದು ಕೆರೆಯ ಶಾಸನ. ಕನ್ನಡ ನಾಡಿನ ಮೊದಲ ರಾಜವಂಶದ ದೊರೆ ಈ ಒಣನೆಲದಲ್ಲಿ ಬಂಡೆಯ ಮೇಲೆ ಕೆತ್ತಿಸಿದ್ದು ನೀರಿನ ಸುದ್ದಿಯನ್ನು.

ಕೋಟೆಯೊಳಗಿನ ಪಾಠ ಇನ್ನೂ ಗಟ್ಟಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಬರುತ್ತದೆ. ಪಾಳೆಯಗಾರರ ಕಾಲದವರು ಆ ಬಂಡೆಗಳನ್ನೇ ಸೂರಾಗಿ ಬಳಸಿಕೊಂಡರು. ಶಾಲೆಯ ಸೂರಿನ ಲೆಕ್ಕವನ್ನು ಇಲ್ಲೇ ಕೂತು ಮಾಡಿಸಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ನೂರು ಚದರ ಮೀಟರ್ ಛಾವಣಿ, ವರ್ಷಕ್ಕೆ 600 ಮಿ.ಮೀ. ಮಳೆ ಎಂದಿಟ್ಟುಕೊಂಡರೆ 60 ಸಾವಿರ ಲೀಟರ್. ಬಿಸಿಯೂಟದ ಅಡುಗೆಗೆ, ಶೌಚಾಲಯಕ್ಕೆ ಅದು ಎಷ್ಟು ದಿನ ಬಂದೀತು ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ.

ಕೋಟೆಯಿಂದ ಸುತ್ತ ನೋಡಿದರೆ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು. ಮುಂಗಾರು ಮಾರುತ ಪಶ್ಚಿಮ ಘಟ್ಟದಲ್ಲಿ ನೀರು ಇಳಿಸಿ, ಬರಿಗೈಲಿ ಇಲ್ಲಿಗೆ ಬರುತ್ತದೆ. ನಮಗೆ ಮಳೆ ಕೊಡದ ಆ ಗಾಳಿಯೇ ಈಗ ಕರೆಂಟು ಕೊಡುತ್ತಿದೆ! ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬ ಘನದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇಕೇ? ಗುಡ್ಡದ ತಲೆಗೆ ಯಂತ್ರ ಸಾಗಿಸಲು ರಸ್ತೆ ಕಡಿಯಬೇಕು, ಕುರುಚಲು ಕಾಡು ಹೋಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಪರಿಹಾರಕ್ಕೂ ಬೆಲೆಯಿದೆ ಎಂದು ತಿಳಿದ ಮಕ್ಕಳು ಹೆಚ್ಚು ಹೊಣೆಯಿಂದ ಯೋಚಿಸುತ್ತಾರೆ.

ಕೊನೆಗೆ ಹಿರಿಯೂರಿನ ಬಳಿಯ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಕಲ್ಲಿನ ಕಟ್ಟೆ. ಹಿಡಿಯುವುದು ಸುಮಾರು 30 ಟಿಎಂಸಿ. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಘಾತಾಂಕದ ಪಾಠ ಇಲ್ಲಿಂದ ಶುರುವಾಗಲಿ. 1933ರಲ್ಲಿ ಕೋಡಿ ಬಿದ್ದ ಈ ಕೆರೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಹವಾಮಾನ ಬದಲಾಯಿತು ಎಂದು ಥಟ್ಟನೆ ಬರೆಯುವ ಮೊದಲು ಮಕ್ಕಳು ಇನ್ನೊಂದು ಸಂಗತಿಯನ್ನು ಹುಡುಕಬೇಕು: 2019ರಿಂದ ಭದ್ರಾ ನೀರನ್ನು ಪಂಪಿನಿಂದ ಎತ್ತಿ, ಅಜ್ಜಂಪುರದ ಸುರಂಗದ ಮೂಲಕ ವೇದಾವತಿಗೆ ಬಿಡಲಾಗುತ್ತಿದೆ. ಮಳೆಯ ಪಾಲೆಷ್ಟು, ಭದ್ರೆಯ ಪಾಲೆಷ್ಟು, ಎತ್ತಲು ಬೇಕಾದ ಕರೆಂಟು ಎಲ್ಲಿಂದ? ಒಂದು ಕೋಡಿಯಲ್ಲಿ ಭೂಗೋಳ, ಗಣಿತ, ಭೌತವಿಜ್ಞಾನ ಮೂರೂ ಇವೆ.

ಸಮಾಜ ವಿಜ್ಞಾನಕ್ಕೆ ಉಳಿದದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 2022ರಲ್ಲಿ ಹಿರಿಯೂರಿನವರು ಕೋಡಿ ನೋಡಲು ಹಬ್ಬದಂತೆ ನೆರೆದಾಗ, ಹಿನ್ನೀರಿನ ಹೊಸದುರ್ಗ ಭಾಗದಲ್ಲಿ ತೋಟ, ಮನೆಗಳಿಗೆ ನೀರು ನುಗ್ಗಿತ್ತು. ಕೋಡಿಯ ಮಟ್ಟ ತಗ್ಗಿಸಿ ಎಂಬ ಬೇಡಿಕೆ ಅಲ್ಲಿಂದ ಎದ್ದಿತು. ಕೆಳಗಿನ ಅಚ್ಚುಕಟ್ಟಿನ ರೈತರಿಗೆ ಒಂದೊಂದು ಅಡಿ ನೀರೂ ಮುಂದಿನ ಬರಕ್ಕೆ ಆಸರೆ. ಹಿರಿಯೂರಿನ ಒಂದು ಶಾಲೆಯ ಹತ್ತನೇ ತರಗತಿಯನ್ನೂ ಹಿನ್ನೀರಿನ ಕಡೆಯ ಒಂದು ಶಾಲೆಯ ಹತ್ತನೇ ತರಗತಿಯನ್ನೂ ಒಂದು ದಿನ ಈ ಕಟ್ಟೆಯ ಮೇಲೆ ಎದುರುಬದುರು ಕೂರಿಸಬೇಕು. ಎರಡೂ ಕಡೆಯವರು ತಮ್ಮ ತಾಲ್ಲೂಕಿನ ಮಳೆಯ ನಕ್ಷೆ ತರಲಿ, ಮನೆಯವರ ನಷ್ಟದ ಲೆಕ್ಕ ತರಲಿ. ದೂರದ ಊರಿನ ಪ್ರವಾಸಕ್ಕೆಂದು ಕೂಡಿಸುವ ಹಣದಲ್ಲಿ ಇದಕ್ಕೆ ಬೇಕಾದ ಬಸ್ಸು ಧಾರಾಳವಾಗಿ ಸಿಗುತ್ತದೆ.