ಸೇನೆಯ ಹಳೆಯ ಟ್ರೈಲರು, ನಮ್ಮ ಸಣ್ಣ ಜೀಪು: ಕಟ್ಟುವ ಮೊದಲು ತೂಗಿರಿ

ತೋಟದಿಂದ ಕಣಕ್ಕೆ, ಕಣದಿಂದ ಸಂಘದ ಗೋದಾಮಿಗೆ ನಾಲ್ಕಾರು ಮೂಟೆ ಸಾಗಿಸಲು ಪ್ರತಿ ಸಲವೂ ಬಾಡಿಗೆ ಗಾಡಿ ಕರೆಯುವುದು ಸಣ್ಣ ಬೆಳೆಗಾರರಿಗೆ ದುಬಾರಿಯೇ ಸರಿ. ಆದುದರಿಂದ ಸೇನೆ ವಿಲೇವಾರಿ ಮಾಡಿದ ಎರಡು ಚಕ್ರದ ಟ್ರೈಲರೊಂದನ್ನು ಕೊಂಡು, ಮನೆಯಲ್ಲಿರುವ ಜಿಪ್ಸಿಗೋ ಜಿಮ್ನಿಗೋ ಕಟ್ಟಿಕೊಳ್ಳಬಾರದೇಕೆ ಎಂಬ ಯೋಚನೆ ಅನೇಕ ಸದಸ್ಯರಿಗೆ ಬರುತ್ತದೆ. ಬೆಂಗಳೂರಿನ ಮೂಡಲಪಾಳ್ಯದ ಕಡೆ ಮಗನೋ ಅಳಿಯನೋ ನೆಲೆಸಿರುವವರು, ಅಲ್ಲಿ ಟ್ರೈಲರು ಕೊಂಡರೆ ಹಾಗೆಯೇ ಊರಿಗೆ ಎಳೆದು ತರಬಹುದೇ ಎಂದೂ ಕೇಳುತ್ತಾರೆ. ಈ ವಿಷಯದಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲಿಗೇ ಒಂದು ಮಾತು. ಇಂದಿನ ಸಣ್ಣ ಜೀಪುಗಳ ಇಂಜಿನ್ನಿಗೆ ಅರ್ಧ ಟನ್ ಎಳೆಯುವುದು ಕಷ್ಟವೇನಲ್ಲ. ಎಳೆದುದನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದೇ ಕಷ್ಟ. ಟ್ರೈಲರಿನ ಲೆಕ್ಕವನ್ನು ಇಂಜಿನ್ನಿನಿಂದಲ್ಲ, ಬ್ರೇಕಿನಿಂದ ಆರಂಭಿಸಬೇಕು.

ಟ್ರೈಲರು ಯಾವ ಗಾಡಿಗೆ ಮಾಡಿದ್ದು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಜೀಪಿಗೆಂದೇ ‘ಕಾಲು ಟನ್ನಿನ’ ಟ್ರೈಲರು ತಯಾರಾಯಿತು. ಅದರ ಖಾಲಿ ತೂಕ ಸುಮಾರು 550 ಪೌಂಡು, ಅಂದರೆ 250 ಕಿಲೋ. ಕಚ್ಚಾ ದಾರಿಯಲ್ಲಿ ಹೊರಬಹುದಾದ ಸರಕು 500 ಪೌಂಡು, ಎಂದರೆ 225 ಕಿಲೋ. ಚಕ್ರಗಳ ಅಳತೆ ಜೀಪಿನದೇ ಆದ್ದರಿಂದ ಜೀಪು ಹೋದ ಜಾಡಿನಲ್ಲೇ ಟ್ರೈಲರೂ ಬರುತ್ತಿತ್ತು, ಸ್ಟೆಪ್ನಿಯೂ ಎರಡಕ್ಕೂ ಹೊಂದುತ್ತಿತ್ತು. ಆದರೆ ಓಡುವಾಗ ಹಿಡಿಯುವ ಬ್ರೇಕು ಅದಕ್ಕಿರಲಿಲ್ಲ. ಇದ್ದುದು ನಿಲ್ಲಿಸಿದ ಮೇಲೆ ಹಾಕುವ ಕೈಬ್ರೇಕು ಮಾತ್ರ. ಇದೇ ನಮೂನೆಯ ಟ್ರೈಲರುಗಳು ಆ ಬಳಿಕವೂ ಬಂದಿವೆ.

ಒಂದು ಟನ್ನಿನ ಟ್ರೈಲರು ಬೇರೆಯೇ ಜಾತಿ. ಅದು ಖಾಲಿಯಲ್ಲೇ 500 ಕಿಲೋ ಮೀರುತ್ತದೆ. ದೊಡ್ಡ ಟ್ರಕ್ಕುಗಳ ಹಿಂದೆ ಓಡಲು ಮಾಡಿದ ಅದನ್ನು ಸಣ್ಣ ಜೀಪಿಗೆ ಕಟ್ಟುವ ಆಲೋಚನೆಯನ್ನೇ ಬಿಡುವುದು ಒಳ್ಳೆಯದು.

ಲೆಕ್ಕ ಹೀಗಿದೆ

ಜಿಮ್ನಿಯ ಉದಾಹರಣೆ ನೋಡೋಣ. ಯೂರೋಪಿನಲ್ಲಿ ಮಾರಾಟವಾದ ಮೂರು ಬಾಗಿಲಿನ ಜಿಮ್ನಿಗೆ ಕಂಪನಿ ಗೊತ್ತುಪಡಿಸಿದ ಮಿತಿ: ಬ್ರೇಕುಳ್ಳ ಟ್ರೈಲರಾದರೆ 1300 ಕಿಲೋ, ಬ್ರೇಕಿಲ್ಲದ್ದಾದರೆ 350 ಕಿಲೋ. ಗಾಡಿ ಅದೇ, ಇಂಜಿನ್ನು ಅದೇ. ಬ್ರೇಕೊಂದರಿಂದ ಇಷ್ಟು ಅಂತರ. ಕಾಲು ಟನ್ನಿನ ಟ್ರೈಲರಿನ ಸ್ವಂತ ತೂಕವೇ 250 ಕಿಲೋ ಆದ್ದರಿಂದ ಉಳಿಯುವುದು 100 ಕಿಲೋ, ಅಂದರೆ 50 ಕಿಲೋದ ಎರಡೇ ಮೂಟೆ! ನಮ್ಮ ದೇಶದಲ್ಲಿ 2023ರಿಂದ ಮಾರಾಟಕ್ಕೆ ಬಂದದ್ದು ಐದು ಬಾಗಿಲಿನ ಜಿಮ್ನಿ. ನಿಮ್ಮ ಗಾಡಿ ಯಾವುದೇ ಇರಲಿ, ಅದರ ಕೈಪಿಡಿಯಲ್ಲಿ ಬರೆದಿರುವುದೇ ಕೊನೆಯ ಮಾತು. ಟ್ರೈಲರು ಕಟ್ಟಬೇಡಿ ಎಂದು ಅದರಲ್ಲಿದ್ದರೆ ಕಟ್ಟಬೇಡಿ.

ನಾಲ್ಕು ಮೂಟೆ ಹಾಕಿದರೆ ಆಗುವುದೇನು? 1200 ಕಿಲೋ ಗಾಡಿಯ ಹಿಂದೆ 450 ಕಿಲೋ ಸೇರುತ್ತದೆ. ನಿಲ್ಲಿಸುವ ಕೆಲಸವೆಲ್ಲ ಮುಂದಿನ ಗಾಡಿಯ ನಾಲ್ಕು ಚಕ್ರಗಳದೇ. ಒದ್ದೆ ರಸ್ತೆಯಲ್ಲಿ 30 ಮೀಟರಿಗೆ ನಿಲ್ಲುತ್ತಿದ್ದ ಗಾಡಿಗೆ ಈಗ 40 ಮೀಟರಾದರೂ ಬೇಕು. ತಿರುವಿನಲ್ಲಿ ಬ್ರೇಕು ಒತ್ತಿದರಂತೂ ಟ್ರೈಲರು ಹಿಂದಿನಿಂದ ನೂಕಿ, ಗಾಡಿಯನ್ನು ಚಾಕು ಮಡಿಸಿದಂತೆ ಮಡಿಸಿಬಿಡಬಹುದು. ಹೆಚ್ಚು ಹೊರೆ ಬೇಕಾದವರು, ತಳ್ಳಿದರೆ ತಾನೇ ಹಿಡಿಯುವ ಬ್ರೇಕಿರುವ ಟ್ರೈಲರನ್ನೇ ಹುಡುಕಬೇಕು.

ಮೂಕಿಯ ಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ವಿಷಯ ಹೊಸದಲ್ಲ. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ. ಟ್ರೈಲರಿನಲ್ಲಿ ಹಿಂಭಾರವಾದರೆ ಗಾಡಿಯ ಹಿಂಚಕ್ರಗಳ ಹಿಡಿತ ಸಡಿಲವಾಗಿ, ವೇಗ ಏರುತ್ತಿದ್ದಂತೆ ಟ್ರೈಲರು ಹಾವಿನಂತೆ ಅತ್ತಿತ್ತ ಆಡತೊಡಗುತ್ತದೆ.

ಹೊರೆ ಸಹಿತ ಟ್ರೈಲರಿನ ಒಟ್ಟು ತೂಕದ ಹತ್ತರಲ್ಲೊಂದು ಭಾಗ ಕೊಂಡಿಯ ಮೇಲೆ ಬೀಳಬೇಕು. ಅದೂ ಕೈಪಿಡಿಯ ಮಿತಿಯೊಳಗಿರಬೇಕು. ಇದನ್ನು ನೋಡಲು ಕಣದಲ್ಲಿರುವ ತೂಕದ ಯಂತ್ರವೇ ಸಾಕು. ಟ್ರೈಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಒತ್ತು ಕೊಟ್ಟು, ಮೂಕಿಯ ತುದಿಯನ್ನು ಯಂತ್ರದ ಮೇಲಿಟ್ಟ ಮರದ ತುಂಡಿನ ಮೇಲೆ ಕೊಂಡಿಯಷ್ಟೇ ಎತ್ತರಕ್ಕೆ ಕೂರಿಸಿರಿ. ಮರದ ತೂಕ ಕಳೆದು, 350 ಕಿಲೋ ಟ್ರೈಲರಿಗೆ 35 ಕಿಲೋ ತೋರಿಸಬೇಕು. ಕಡಿಮೆಯಿದ್ದರೆ ಮೂಟೆಗಳನ್ನು ಮುಂದಕ್ಕೆ, ಹೆಚ್ಚಿದ್ದರೆ ಹಿಂದಕ್ಕೆ ಸರಿಸಿ ಬಿಗಿಯಾಗಿ ಕಟ್ಟಿರಿ.

ದಾರಿಯಲ್ಲಿ ಟ್ರೈಲರು ಆಡತೊಡಗಿದರೆ ಬ್ರೇಕು ತುಳಿಯಬೇಡಿ, ಸ್ಟೇರಿಂಗನ್ನೂ ಅತ್ತಿತ್ತ ತಿರುಗಿಸಬೇಡಿ. ಸ್ಟೇರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರ್ ಬಿಡಿರಿ. ವೇಗ ಇಳಿದಂತೆ ಅದೂ ಶಾಂತವಾಗುತ್ತದೆ.

ಕೊಂಡಿ, ದೀಪ, ಚಕ್ರ

ಸೇನೆಯ ಟ್ರೈಲರಿನ ಮೂಕಿಗೆ ದಪ್ಪ ಉಕ್ಕಿನ ಬಳೆಯಿರುತ್ತದೆ. ಅದಕ್ಕೆ ಬೇಕಾದದ್ದು ಬಾಯಿ ಮುಚ್ಚಿ ಬೀಗ ಬೀಳುವ ಕೊಕ್ಕೆ. ಕಾರಿನ ಗುಂಡು ಕೊಂಡಿಯಲ್ಲ, ಟ್ರ್ಯಾಕ್ಟರಿನ ಗೂಟವೂ ಅಲ್ಲ. ಕೊಕ್ಕೆಯನ್ನು ಬಂಪರಿಗೆ ಬೆಸುಗೆ ಹಾಕಿಸದೆ ಚಾಸಿಗೇ ಬೋಲ್ಟು ಹಾಕಿಸಬೇಕು. ಜಿಪ್ಸಿ, ಜಿಮ್ನಿ, ಬೊಲೆರೊ, ಥಾರ್‌ಗಳಿಗೆ ಪ್ರತ್ಯೇಕ ಚಾಸಿ ಇದೆ. ಬ್ರೆಜಾ, ಕ್ರೆಟಾ ಮುಂತಾದವಕ್ಕಿಲ್ಲ. ಕೆಟ್ಟ ಗಾಡಿಯನ್ನು ಎಳೆಯಲು ಕೊಟ್ಟಿರುವ ಕೊಕ್ಕೆ ಟ್ರೈಲರಿಗೆ ಸಲ್ಲದು. ಕಟ್ಟಿದ ಮೇಲೆ ಟ್ರೈಲರು ನೆಲಕ್ಕೆ ಸಮನಾಗಿ ನಿಲ್ಲುವಂತೆ ಕೊಕ್ಕೆಯ ಎತ್ತರವಿರಲಿ. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿದರೆ, ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಬೀಳದು.

ಸೇನೆಯ ವಾಹನಗಳಲ್ಲಿ 24 ವೋಲ್ಟಿನ ವಿದ್ಯುತ್ ವ್ಯವಸ್ಥೆ ಸಾಮಾನ್ಯ. ನಮ್ಮ ಗಾಡಿಗಳದು 12 ವೋಲ್ಟು. ಹಳೆಯ ಬಲ್ಬುಗಳು ಮಂಕಾಗಿ ಉರಿದರೆ ಹಿಂದೆ ಬರುವವರಿಗೆ ಕಾಣುವುದಿಲ್ಲ. ಬ್ರೇಕು ದೀಪ, ತಿರುವಿನ ದೀಪ, ಕೆಂಪು ಪ್ರತಿಫಲಕಗಳನ್ನು ಹೊಸದಾಗಿ ಹಾಕಿಸಿರಿ.

ಟೈರಿನ ಮೇಲ್ಮೈ ಚೆನ್ನಾಗಿ ಕಂಡ ಮಾತ್ರಕ್ಕೆ ನಂಬಬಾರದು. ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬೇರಿಂಗು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಿಸಿರಿ. ಎಡಚಕ್ರದ ನಟ್ಟುಗಳಿಗೆ ಕೆಲವು ಹಳೆಯ ಟ್ರೈಲರುಗಳಲ್ಲಿ ಎಡಮರೆ ಇರುತ್ತದೆ. ತಿಳಿಯದೆ ಬಲವಂತ ಮಾಡಿದರೆ ಬೋಲ್ಟು ಮುರಿಯುತ್ತದೆ. ಎರಡು ಹೋಳು ಸೇರಿಸಿ ಬೋಲ್ಟು ಹಾಕಿದ ರಿಮ್ಮುಗಳಾದರೆ, ಗಾಳಿಯನ್ನು ಪೂರ್ತಿ ಬಿಟ್ಟ ಹೊರತು ಆ ಬೋಲ್ಟುಗಳಿಗೆ ಕೈ ಹಚ್ಚಬಾರದು. ಗಾಳಿಯಿರುವಾಗ ಬಿಚ್ಚಿದರೆ ರಿಮ್ಮು ಸಿಡಿದು ಪ್ರಾಣಕ್ಕೇ ಅಪಾಯ.

ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ. ಯುದ್ಧಕಾಲದ ಟ್ರೈಲರಿನ ತೊಟ್ಟಿ ನೀರಿನಲ್ಲಿ ತೇಲುವಂತೆ ಮಾಡಿದ್ದು. ಆದ್ದರಿಂದ ಮಳೆನೀರೂ ಹೊರಹೋಗದು. ಆರಡಿ ಉದ್ದ, ನಾಲ್ಕಡಿಗೆ ಸ್ವಲ್ಪ ಕಡಿಮೆ ಅಗಲದ ತೊಟ್ಟಿಯಲ್ಲಿ ಮೂರು ಅಂಗುಲ ನೀರು ನಿಂತರೆ 150 ಕಿಲೋ ಮೀರುತ್ತದೆ. ತಳದ ಬಿರಡೆಗಳನ್ನು ತೆಗೆದಿಡಿ.

ಘಟ್ಟದಲ್ಲಿ

ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರು ಹಾಕಿ, ಇಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡಬೇಕು. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲು ನೇರ ದಾರಿಯಲ್ಲೇ ವೇಗ ಇಳಿಸಿರಿ. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲೂ ಗಂಟೆಗೆ 50 ಕಿಲೋಮೀಟರು ಮೀರಬೇಡಿರೆಂದು ನಮ್ಮ ಸಲಹೆ. ಟ್ರೈಲರಿನಲ್ಲಿ ಆಳುಗಳನ್ನು ಎಂದಿಗೂ ಕೂರಿಸಬೇಡಿ.

ಕಾಗದ ಪತ್ರ, ಮತ್ತು ಊರಿಗೆ ತರುವ ಬಗೆ

ಕಾನೂನಿನ ದೃಷ್ಟಿಯಲ್ಲಿ ಟ್ರೈಲರೂ ಒಂದು ವಾಹನ. 1988ರ ಮೋಟಾರು ವಾಹನ ಕಾಯ್ದೆಯ 61ನೆಯ ಕಲಮಿನ ಪ್ರಕಾರ ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ ಇರಬೇಕು. ಎಳೆಯುವ ಗಾಡಿಯ ಸಂಖ್ಯೆಯನ್ನೂ ಟ್ರೈಲರಿನ ಮೇಲೆ ತೋರಿಸಬೇಕು. ಹರಾಜಿನ ಮೂಲ ಪತ್ರಗಳಿಲ್ಲದ ಟ್ರೈಲರಿಗೆ ಮುಂಗಡ ಕೊಡಬೇಡಿ. ಕೊಳ್ಳುವ ಮೊದಲೇ ನಿಮ್ಮ ಆರ್.ಟಿ.ಓ. ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿರಿ.

ಮೂಡಲಪಾಳ್ಯದಿಂದ ಮಾಗಡಿ ರಸ್ತೆ ಸೇರಿ, ನೈಸ್ ರಸ್ತೆ ಹಿಡಿದು, ನೆಲಮಂಗಲ, ಕುಣಿಗಲ್, ಹಾಸನದ ಮೇಲೆ ಸಕಲೇಶಪುರ ತಲುಪಲು ಸುಮಾರು 220 ಕಿಲೋಮೀಟರು. ವರ್ಷಗಟ್ಟಲೆ ಬಯಲಿನಲ್ಲಿ ನಿಂತಿದ್ದ ಟ್ರೈಲರಿನ ಬೇರಿಂಗು, ಟೈರುಗಳನ್ನು ಇಷ್ಟು ದೂರದ ಹೆದ್ದಾರಿಯಲ್ಲಿ ಪರೀಕ್ಷಿಸಬಾರದು. ನೋಂದಣಿಯಾಗದೆ ರಸ್ತೆಗಿಳಿಸುವುದೂ ಸರಿಯಲ್ಲ. ಊರಿನ ಕಡೆಗೆ ಬರುವ ಲಾರಿಯಲ್ಲಿ ಹೇರಿಸಿ ತನ್ನಿರಿ. ಬೆಸುಗೆ, ಲೇತ್ ಕೆಲಸವಿದ್ದರೆ ಹತ್ತಿರದ ಕಾಮಾಕ್ಷಿಪಾಳ್ಯದ ಕೈಗಾರಿಕಾ ಪ್ರದೇಶದಲ್ಲೇ ಮಾಡಿಸಿ ಹೇರಿಸಬಹುದು.

ಊರಿಗೆ ಬಂದ ಮೇಲೆ ಮೊದಲ ಕೆಲಸ, ಖಾಲಿ ಟ್ರೈಲರನ್ನು ವೇ ಬ್ರಿಡ್ಜಿನಲ್ಲಿ ತೂಗಿಸುವುದು. ಆ ತೂಕವನ್ನು ಕೈಪಿಡಿಯ ಮಿತಿಯಿಂದ ಕಳೆದು, ಉಳಿದುದನ್ನು ಮೂಟೆಯ ಲೆಕ್ಕದಲ್ಲಿ ಟ್ರೈಲರಿನ ಪಕ್ಕಕ್ಕೆ ಬಣ್ಣದಲ್ಲಿ ಬರೆಸಿರಿ. ಹೇರುವ ಆಳಿಗೂ ಓಡಿಸುವ ಮಗನಿಗೂ ಅದು ಕಣ್ಣಿಗೆ ಬೀಳುವಂತಿರಲಿ. ಎರಡೇ ಮೂಟೆ ಎಂದು ಬಂದರೆ ಎರಡೇ ಮೂಟೆ ಹೇರಿರಿ, ಇಲ್ಲವೇ ಬಾಡಿಗೆ ಗಾಡಿಯನ್ನೇ ಕರೆಯಿರಿ. ಒಂದು ಬಾಡಿಗೆ ಉಳಿಸಲು ಹೋಗಿ ಘಟ್ಟದ ತಿರುವಿನಲ್ಲಿ ಮನೆಯವರನ್ನೇ ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.